ಊ.ಆ.?

ಅಪ್ಪನಿಗೆ ಸ್ಮಾರ್ಟ್‌ಫೋನ್ ಕೊಡಿಸಿ ಮೂರು ವಾರ ಆಗಿತ್ತು. ಒಂದು ರಾತ್ರಿ ಎಂಟೂಮುಕ್ಕಾಲಿಗೆ, ನಾನು ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತಿದ್ದಾಗ, ಅವರ ಮೊದಲ ವಾಟ್ಸಾಪ್ ಮೆಸೇಜ್ ಬಂತು.

"ಚಿ. ಪುಟ್ಟನಿಗೆ ಆ. ಊ.ಆ.?"

ಎರಡು ಸಲ ಓದಿದೆ. ಕನ್ನಡ ಕೀಬೋರ್ಡ್ ಇನ್ನೂ ಕೈಗೆ ಕೂತಿಲ್ಲ ಪಾಪ, ಎಲ್ಲೋ ಒತ್ತಲು ಹೋಗಿ ಎಲ್ಲೋ ಒತ್ತಿದ್ದಾರೆ ಅಂದುಕೊಂಡೆ. ಅರ್ಥ ಆಗದ ಮೆಸೇಜಿಗೆಲ್ಲ ನಾನು ಕೊಡುವ ಉತ್ತರ ಒಂದೇ. ಇಂಗ್ಲಿಷಿನ 'ಕೆ'. ಹೆಬ್ಬೆರಳಿನ ಒಂದು ಕುಟುಕು, ಅಷ್ಟೇ. ಕಳಿಸಿ ಫೋನ್ ಜೇಬಿಗೆ ಹಾಕಿದೆ. ಬಸ್ಸು ಇನ್ನೂ ಮಡಿವಾಳ ದಾಟಿರಲಿಲ್ಲ, ಫೋನ್ ಹೊಡೆದುಕೊಂಡಿತು.

"ಕೆ ಅಂದ್ರೆ ಏನೋ?"

"ಸರಿ ಅಂತ, ಅಪ್ಪ."

"ಏನು ಸರಿ? ಊಟ ಆಯ್ತಾ ಅಂತ ಕೇಳಿದ್ರೆ ಸರಿ ಅಂತಾರಾ ಯಾರಾದ್ರೂ?"

ಆಗ ಹೊಳೆಯಿತು. ಚಿ. ಅಂದರೆ ಚಿರಂಜೀವಿ. ಮೊದಲ ಆ. ಆಶೀರ್ವಾದ. ಊ.ಆ. ಅಂದರೆ ಊಟ ಆಯ್ತಾ. ಎಪ್ಪತ್ತೆರಡನೇ ವಯಸ್ಸಿನಲ್ಲಿ, ಯಾರೂ ಹೇಳಿಕೊಡದೆ, ಅಪ್ಪ ಕನ್ನಡದಲ್ಲಿ ತನ್ನದೇ ಶಾರ್ಟ್‌ಫಾರಂ ಮಾಡಿಕೊಂಡಿದ್ದರು. ಅವರು ಬರೆದದ್ದನ್ನು ನಾನು ಕೈತಪ್ಪು ಅಂದುಕೊಂಡೆ. ನಾನು ಬರೆದದ್ದು ಮಾತ್ರ ನನಗೆ ಭಾಷೆಯಾಗಿ ಕಂಡಿತ್ತು. ಬಸ್ಸಿಳಿದು ಮನೆಗೆ ನಡೆಯುವಾಗ ಅದೇ ಚುಚ್ಚುತ್ತಿತ್ತು.

ಹಾಗೆ ನೋಡಿದರೆ ಅಪ್ಪನಿಗೆ ಯಾರೂ ಹೇಳಿಕೊಡಲಿಲ್ಲ ಅನ್ನೋದು ತಪ್ಪು. ಅವರ ಕಸುಬೇ ಅದಾಗಿತ್ತು. ತಾಲ್ಲೂಕು ಕೇಂದ್ರದ ಪೋಸ್ಟಾಫೀಸಿನಲ್ಲಿ ಗುಮಾಸ್ತರಾಗಿದ್ದರು. ಬಹಳ ವರ್ಷ ಕೂತದ್ದು ತಂತಿ, ಅಂದರೆ ಟೆಲಿಗ್ರಾಂ ಕೌಂಟರಿನಲ್ಲಿ. ತಂತಿಗೆ ದುಡ್ಡು ಪದದ ಲೆಕ್ಕ. ಇಷ್ಟು ಪದಕ್ಕೆ ಇಷ್ಟು, ಅದರ ಮೇಲೆ ಒಂದೊಂದು ಪದಕ್ಕೂ ಬೇರೆ ಕಾಸು. ಹಳ್ಳಿಯಿಂದ ಬಂದವರು ಕಿಟಕಿಗೆ ಮುಖ ಕೊಟ್ಟು ಹೇಳೋರು: "ನಮ್ಮವ್ವ ಮೂರು ದಿನದಿಂದ ಗಂಜೀನೂ ಕುಡಿದಿಲ್ಲ ಸ್ವಾಮಿ, ಡಾಕ್ಟ್ರು ಮನೆಗೆ ಕರ್ಕೊಂಡ್ ಹೋಗಿ ಅಂದ್ಬಿಟ್ರು, ಬಾಯಲ್ಲಿ ನಮ್ಮಣ್ಣನ ಹೆಸರೇ, ಒಂದ್ಸಲ ಬಂದು ಮುಖ ನೋಡ್ಕೊಂಡು ಹೋಗು ಅಂತ ಬರೀರಿ." ಅಪ್ಪ ಫಾರಂ ಎಳೆದುಕೊಂಡು ಇಂಗ್ಲಿಷಿನಲ್ಲಿ ಬರೆಯೋರು: ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ. ನಾಲ್ಕೇ ಪದ. ಅಷ್ಟು ಅಳುವನ್ನು ನಾಲ್ಕು ಪದಕ್ಕೆ ಇಳಿಸುವ ಕೆಲಸ ದಿನಕ್ಕೆ ಹತ್ತು ಸಲ.

ಅದರಲ್ಲೂ ಒಂದು ಒಳಗುಟ್ಟಿತ್ತು. 'ಸೀರಿಯಸ್' ಅಂತ ಬಂದರೆ ಎಷ್ಟೋ ಸಲ ಜೀವ ಹೋಗಿಯೇ ಆಗಿರುತ್ತಿತ್ತು. ದೂರದಿಂದ ರೈಲು ಹತ್ತಿ ಬರುವವನು ದಾರಿಯಲ್ಲಿ ಎದೆ ಒಡೆದುಕೊಳ್ಳಬಾರದು ಅಂತ ಮನೆಯವರೇ ಹಾಗೆ ಬರೆಸುತ್ತಿದ್ದರು. ಓದಿದವನಿಗೂ ಅದು ಗೊತ್ತು. ಗೊತ್ತಿದ್ದೂ ರೈಲಿನಲ್ಲಿ ಇಡೀ ರಾತ್ರಿ 'ಸೀರಿಯಸ್ ಅಷ್ಟೇ' ಅಂತ ಹೇಳಿಕೊಂಡು ಬರುತ್ತಿದ್ದ. ಒಂದು ಪದಕ್ಕೆ ಎರಡು ಅರ್ಥ, ಎರಡೂ ಇಬ್ಬರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಮದುವೆ, ಹಬ್ಬದ ಶುಭಾಶಯಕ್ಕೆ ಇನ್ನೂ ಸುಲಭದ ದಾರಿ ಇತ್ತು. ಇಲಾಖೆಯೇ ಒಂದು ಪಟ್ಟಿ ಮಾಡಿಟ್ಟಿತ್ತು. ದೀಪಾವಳಿಗೆ ಒಂದು ನಂಬರು, ಹೊಸ ವರ್ಷಕ್ಕೆ ಒಂದು, ಮದುವೆಗೆ ಒಂದು. ನೀವು ನಂಬರು ಹೇಳಿದರೆ ಸಾಕು, ತಂತಿಯಲ್ಲಿ ಹೋಗುವುದು ಆ ನಂಬರೇ. ಆ ಕಡೆಯ ಆಫೀಸಿನವರು ಪಟ್ಟಿ ನೋಡಿ ಪೂರ್ತಿ ವಾಕ್ಯ ಬರೆದು, ಬಣ್ಣದ ಚಿತ್ರವಿರುವ ಕಾಗದದಲ್ಲಿ ತಲುಪಿಸುತ್ತಿದ್ದರು. ಇದನ್ನು ಅಪ್ಪ ಹೇಳಿದಾಗ ನಾನು ತುಂಬಾ ಹೊತ್ತು ಯೋಚನೆ ಮಾಡಿದೆ. ಆಗ ಮಾತು ಚಿಕ್ಕದಾಗುತ್ತಿದ್ದದ್ದು ದಾರಿಯಲ್ಲಿ ಮಾತ್ರ. ಮನೆ ಬಾಗಿಲಿಗೆ ಬರುವಾಗ ಮತ್ತೆ ಬಿಡಿಸಿಕೊಂಡು, ಉಟ್ಟು ತೊಟ್ಟು ಬರುತ್ತಿತ್ತು. ಈಗ ನಾವು 'ಎಚ್‌ಬಿಡಿ' ಅಂತ ಕಳಿಸಿದರೆ ಅವರಿಗೆ ಸಿಗುವುದೂ 'ಎಚ್‌ಬಿಡಿ'ಯೇ. ಬಿಡಿಸಿಕೊಳ್ಳುವ ಕೆಲಸ ಹುಟ್ಟುಹಬ್ಬದವರದ್ದು.

ನಮ್ಮ ದೇಶದಲ್ಲಿ ತಂತಿ ಶುರುವಾದದ್ದು 1850ರಲ್ಲಿ, ಕಲ್ಕತ್ತಾದಿಂದ ಡೈಮಂಡ್ ಹಾರ್ಬರ್‌ಗೆ. ನಿಂತದ್ದು 2013ರ ಜುಲೈನಲ್ಲಿ. ಆ ಭಾನುವಾರ ಅಪ್ಪ ಪೇಪರಿನಲ್ಲಿ ಸುದ್ದಿ ಓದಿ, ಮಡಿಚಿಟ್ಟು, "ಹೋಯ್ತು" ಅಂದರು. ಅಷ್ಟೇ. ತಂತಿ ಗುಮಾಸ್ತರ ಬಾಯಲ್ಲಿ ಅದಕ್ಕಿಂತ ಜಾಸ್ತಿ ಪದ ನಿರೀಕ್ಷೆ ಮಾಡಬಾರದು.

ನನ್ನ ಶಾರ್ಟ್‌ಫಾರಂ ವಿದ್ಯಾಭ್ಯಾಸ ಬೇರೆ ಥರ. 2004ರಲ್ಲಿ ಮೊದಲ ಕೆಲಸ, ಮೊದಲ ಫೋನು. ಗುಂಡಿ ಫೋನು, ಒಂದು ಗುಂಡಿಗೆ ಮೂರು ನಾಲ್ಕು ಅಕ್ಷರ. 'ಎಸ್' ಬೇಕಾದರೆ ಏಳನೇ ಗುಂಡಿಯನ್ನು ನಾಲ್ಕು ಸಲ ಒತ್ತಬೇಕು. ಒಂದು ಮೆಸೇಜಿಗೆ ಹೆಚ್ಚೂಕಡಿಮೆ ಒಂದು ರೂಪಾಯಿ. ಆಮೇಲೆ ಎಸ್‌ಎಂಎಸ್ ಪ್ಯಾಕ್ ಬಂತು. ಆದರೆ ದೀಪಾವಳಿ, ಹೊಸ ವರ್ಷದಂಥ ದಿನ ಪ್ಯಾಕ್ ನಡೆಯುತ್ತಿರಲಿಲ್ಲ. ಕಳಿಸಬೇಕು ಅನ್ನಿಸುವ ದಿನವೇ ಪೂರ್ತಿ ದುಡ್ಡು! ಹಾಗಾಗಿ ಶುಭಾಶಯಗಳೆಲ್ಲ ಹಿಂದಿನ ರಾತ್ರಿ ಹನ್ನೊಂದೂ ಐವತ್ತಕ್ಕೇ ಬಂದು ಬೀಳುತ್ತಿದ್ದವು.

ಒಂದು ಮೆಸೇಜಿಗೆ 160 ಅಕ್ಷರ ಅನ್ನುವ ಮಿತಿ ಎಲ್ಲಿಂದ ಬಂತು ಅನ್ನೋದು ಒಂದು ಚೆಂದದ ಕಥೆ. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರ್ ಟೈಪ್‌ರೈಟರ್ ಮುಂದೆ ಕೂತು, ಮನಸ್ಸಿಗೆ ಬಂದ ಸಣ್ಣ ಸಣ್ಣ ವಾಕ್ಯ ಬರೆದು ಅಕ್ಷರ ಎಣಿಸಿದ. ಹೆಚ್ಚಿನವು 160ರ ಒಳಗೇ ಮುಗಿದವು. ಸಾಕು ಅಂತ ತೀರ್ಮಾನ ಆಯಿತು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲ ಮೆಸೇಜ್ ಹೋಯಿತು. ಅದರಲ್ಲಿ ಇದ್ದದ್ದು 'ಮೆರ್ರಿ ಕ್ರಿಸ್‌ಮಸ್'. ಗಮನಿಸಿ, ಪೂರ್ತಿ ಪದ. ಮೊಟಕು ಮಾಡುವ ಚಾಳಿ ಆಮೇಲೆ ಬಂದದ್ದು.

ಆ 160 ಇಂಗ್ಲಿಷಿಗೆ. ಕನ್ನಡಕ್ಕೆ 70. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಜಾಗ ಸಾಕು, ನಮ್ಮದಕ್ಕೆ ಹದಿನಾರು ಬೇಕು. ಇರುವ ಡಬ್ಬಿ ಒಂದೇ ಅಳತೆಯದು. ಅದರ ಮೇಲೆ ನಮ್ಮ ಒತ್ತು, ಕೊಂಬು, ಗುಡಿಸು ಎಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಅನ್ನುವುದು ಕಣ್ಣಿಗೆ ಒಂದೇ ಅಕ್ಷರ, ಫೋನಿಗೆ ಆರು. 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು' ಅಂತ ಬರೆದು ನಾನೇ ಎಣಿಸಿ ನೋಡಿದ್ದೇನೆ, ನಡುವಿನ ಖಾಲಿ ಜಾಗವೂ ಸೇರಿ 29. ಎಪ್ಪತ್ತರಲ್ಲಿ ಇಪ್ಪತ್ತೊಂಬತ್ತು ಬರೀ ಹಾರೈಕೆಗೇ ಹೋದರೆ, ಯಾರಿಗೆ, ಯಾರಿಂದ, ಕೇಕ್ ಎಲ್ಲಿ ಅಂತ ಬರೆಯಲು ಎಷ್ಟು ಉಳಿಯಿತು? ನಮ್ಮ ಆಗಿನ ಫೋನುಗಳಲ್ಲಿ ಕನ್ನಡ ಬರುತ್ತಲೂ ಇರಲಿಲ್ಲ ಅನ್ನೋದು ಬೇರೆ ಮಾತು. ಹೀಗೆ ಒಂದು ಇಡೀ ತಲೆಮಾರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತಲು ಕಲಿಯಿತು. ಸ್ವರ ಎಲ್ಲ ಕಿತ್ತು ಹಾಕಿ ಬರೀ ಮೂಳೆ ಕಳಿಸುತ್ತಿದ್ದೆವು. 'ಏನ್' ಅನ್ನಲು 'ಎನ್' ಒಂದೇ ಅಕ್ಷರ ಸಾಕಾಗಿತ್ತು.

ಅದರ ಫಜೀತಿಗಳೂ ಇದ್ದವು. ಕೆ, ಎ, ಎಲ್, ಯು. ಇದು ಕಾಲೂ ಹೌದು, ಕಾಳೂ ಹೌದು, ಕಲ್ಲೂ ಹೌದು. ನನ್ನ ರೂಮ್‌ಮೇಟ್ ಒಂದು ಸಂಜೆ ಅಡುಗೆಗೆ ಕಾಳು ತಾ ಅಂತ ಕಳಿಸಿದ್ದ. ಹಿಂದಿನ ದಿನ ಕ್ರಿಕೆಟ್ ಆಡುವಾಗ ಅವನ ಕಾಲು ಉಳುಕಿತ್ತು. ನಾನು ನೋವಿನ ಮುಲಾಮು ಹಿಡಿದುಕೊಂಡು ಹೋದೆ. ಅವತ್ತು ರಾತ್ರಿ ಅನ್ನಕ್ಕೆ ಉಪ್ಪಿನಕಾಯಿ.

ಆಗಿನ ನಮ್ಮ ಮೊಟಕಿಗೆ ಕಾರಣ ಇತ್ತು ಅಂತ ಹೇಳಲು ಇಷ್ಟೆಲ್ಲ. ದುಡ್ಡು, ಜಾಗ, ಹೆಬ್ಬೆರಳು. ಈಗ ಮೂರೂ ತೊಂದರೆ ಇಲ್ಲ. ವಾಟ್ಸಾಪಿನಲ್ಲಿ ಒಂದು ಅಧ್ಯಾಯ ಬರೆದರೂ ಕಾಸಿಲ್ಲ, ಬೇಡವಾದರೆ ಮಾತಾಡಿಯೇ ಕಳಿಸಬಹುದು. ಆದರೂ ನಾವು ಗುಡ್ ಮಾರ್ನಿಂಗಿಗೆ 'ಜಿಎಂ', ಗುಡ್ ನೈಟಿಗೆ 'ಜಿಎನ್', ಟೇಕ್ ಕೇರ್‌ಗೆ 'ಟಿಸಿ' ಬಿಟ್ಟಿಲ್ಲ. ತಂತಿ ನಿಂತರೂ ಅಪ್ಪ ತಂತಿ ಭಾಷೆ ಬಿಡದ ಹಾಗೆ.

ಇದು ಈಗಿನವರ ಸೋಮಾರಿತನ, ಭಾಷೆ ಕೆಟ್ಟು ಹೋಯಿತು ಅನ್ನುವವರು ನಮ್ಮ ಆಫೀಸಿನಲ್ಲೂ ಇದ್ದಾರೆ. ಅವರಿಗೆ ನಾನು ಹೇಳುವುದು ಎರಡು ಮಾತು. 'ಓಕೆ' ಅನ್ನೋದೇ 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ತಮಾಷೆಗೆ ಹುಟ್ಟಿದ ಶಾರ್ಟ್‌ಫಾರಂ, 'ಆಲ್ ಕರೆಕ್ಟ್' ಅನ್ನುವುದನ್ನು ಬೇಕಂತಲೇ ತಪ್ಪು ಕಾಗುಣಿತದಲ್ಲಿ ಬರೆದು ಮಾಡಿದ್ದು. 'ಓಎಂಜಿ', ಅಂದರೆ 'ಓ ಮೈ ಗಾಡ್', 1917ರಲ್ಲೇ ಇತ್ತು. ಬ್ರಿಟನ್ನಿನ ನೌಕಾಪಡೆಯ ಮುದುಕ ಅಡ್ಮಿರಲ್ ಫಿಷರ್, ಚರ್ಚಿಲ್‌ಗೆ ಬರೆದ ಕಾಗದದಲ್ಲಿ. ಅಡ್ಮಿರಲ್‌ಗೆ ಆಗ ಎಪ್ಪತ್ತು ದಾಟಿತ್ತು. ಹದಿಹರೆಯದವರ ತಲೆಗೆ ಕಟ್ಟುವ ಹಾಗಿಲ್ಲ.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಮನೆಯ ಮದುವೆ ಕಾಗದ ತೆಗೆದು ನೋಡಿ. 'ಚಿ|| ರಾ||', 'ಚಿ|| ಕುಂ|| ಸೌ||'. ಒಂದೊಂದರ ಪಕ್ಕ ಎರಡೆರಡು ಗೀಟು. ಕುಂ. ಸೌ. ಅಂದರೆ ಕುಂಕುಮ ಸೌಭಾಗ್ಯವತಿ ಅಂತ ಬಿಡಿಸಿ ಹೇಳಬಲ್ಲ ವಧು ಈಗ ಎಷ್ಟು ಜನ ಇದ್ದಾರೋ. ಹಳೇ ಕಾಗದಗಳ ಮೇಲೆ 'ಮ|| ರಾ|| ರಾ||' ಅಂತ ಇರುತ್ತಿತ್ತು, ಮಹಾರಾಜ ರಾಜಶ್ರೀ. ಮನೆಯಲ್ಲಿ ಎಂಟಾಣೆ ಇಲ್ಲದಿದ್ದರೂ ಲಕೋಟೆ ಮೇಲೆ ಮಹಾರಾಜ! ಸತ್ತವರಿಗೆ 'ದಿ||', 'ಲಿಂ||', 'ಕೈ||'. ಪಹಣಿಯಲ್ಲಿ 'ಸ.ನಂ.', ಕಾಗದದ ಕೊನೆಗೆ 'ವಿ.ಸೂ.'. ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕಳಿಸಿದರೆ ಓದುವ ಮೊದಲೇ ಶುಭ ಸುದ್ದಿ ಅಂತ ಗೊತ್ತಾಗುತ್ತಿತ್ತು. ಅದಕ್ಕಿಂತ ಚಿಕ್ಕ ಮೆಸೇಜ್ ಯಾವ ಫೋನಿನಲ್ಲಿದೆ?

ಕನ್ನಡದ ಶಾರ್ಟ್‌ಫಾರಂನಲ್ಲಿ ಒಂದು ವಿಶೇಷ ಇದೆ. ಅಪ್ಪನ ಊ.ಆ. ನೋಡಿದ ಮೇಲೆ ನನಗೆ ಕಂಡದ್ದು. ಇಂಗ್ಲಿಷಿನಲ್ಲಿ ಮೊದಲಕ್ಷರ ತೆಗೆದರೆ ಕೈಗೆ ಬರುವುದು ಅಕ್ಷರದ ಹೆಸರು ಮಾತ್ರ. ಎಚ್, ಬಿ, ಡಿ. ಮೂಲ ಪದದ ದನಿ ಅದರಲ್ಲಿ ಇಲ್ಲ. ನಮ್ಮಲ್ಲಿ ಅಕ್ಷರದ ಜೊತೆ ಸ್ವರವೂ ಬರುತ್ತದೆ. 'ಊ' ಅಂದಾಗಲೇ ಊಟದ ಬಾಯಿ ಅರ್ಧ ತೆರೆದಿರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಮೊಟಕು ಮಾಡಿದರೆ ಕೆ.ವಿ.ಪಿ., ಯಾವುದೋ ಬ್ಯಾಂಕಿನ ಮ್ಯಾನೇಜರ್ ಥರ. ಕನ್ನಡದಲ್ಲಿ ಮಾಡಿದರೆ ಕುವೆಂಪು. ಕುಪ್ಪಳಿಯ 'ಕು' ಹಾಗೇ ಉಳಿಯಿತು, ಊರು ಜೊತೆಗೇ ಬಂತು. ಅ.ನ.ಕೃ., ತ.ರಾ.ಸು., ಪು.ತಿ.ನ., ತೀ.ನಂ.ಶ್ರೀ. ಇವನ್ನೆಲ್ಲ ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಬೇಕಾಗಿಲ್ಲ, ಕರೆಯಬಹುದು. ಕನ್ನಡ ಸಾಹಿತ್ಯ ಪರಿಷತ್ತು ಬಾಯಲ್ಲಿ ಕಸಾಪ ಆಗುವುದೂ ಹೀಗೇ. ಕ.ರಾ.ರ.ಸಾ.ಸಂ. ಮಾತ್ರ ನಾಲಿಗೆಗೆ ಸ್ವಲ್ಪ ಕಷ್ಟ, ಒಪ್ಪುತ್ತೇನೆ. ಬಸ್ಸಿನ ಹಾಗೇ ಅದಕ್ಕೂ ಸ್ವಲ್ಪ ಕುಲುಕಾಟ ಇದೆ.

ಅಪ್ಪನ ಫೋನ್ ಬಂದಾಗ ಬಸ್ಸು ಮಡಿವಾಳದ ಹತ್ತಿರ ಇತ್ತು ಅಂದೆನಲ್ಲ. ಆ ಮಡಿವಾಳವೇ ಬಿಟಿಎಂ ಲೇಔಟಿನ 'ಎಂ'. ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರು ಊರುಗಳನ್ನು ಸೇರಿಸಿ ಮೂರು ಇಂಗ್ಲಿಷ್ ಅಕ್ಷರ ಮಾಡಿದರು. ಅಲ್ಲೇ ಏಳು ವರ್ಷ ಬಾಡಿಗೆಗೆ ಇದ್ದವನು ನಾನು. ಬಿಟಿಎಂ ಅಂದರೆ ಏನು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಹೇಳಿದ್ದು ನಮ್ಮ ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದ ಅಜ್ಜಿ. ಆಕೆಗೆ ಬಿಟಿಎಂ ಗೊತ್ತಿರಲಿಲ್ಲ, ತಾವರೆಕೆರೆ ಗೊತ್ತಿತ್ತು. ಹುಟ್ಟಿದ್ದೇ ಅಲ್ಲಿ.

ಶಾರ್ಟ್‌ಫಾರಂ ಅನ್ನೋದು ಒಂದು ಕದ. ಒಳಗಿದ್ದವರಿಗೆ ಅದು ಕಾಣುವುದೇ ಇಲ್ಲ. ಇದು ನನಗೆ ಸರಿಯಾಗಿ ಗೊತ್ತಾದದ್ದು ನಮ್ಮ ಆಫೀಸಿಗೆ ಹಾವೇರಿ ಕಡೆಯ ಒಬ್ಬ ಹುಡುಗ ಸೇರಿದಾಗ. ಬುದ್ಧಿವಂತ, ಮಾತು ಕಡಿಮೆ. ನಮ್ಮ ಮೀಟಿಂಗುಗಳಲ್ಲಿ ಇಪ್ಪತ್ತು ನಿಮಿಷಕ್ಕೆ ನಲವತ್ತು ಶಾರ್ಟ್‌ಫಾರಂ ಬೀಳುತ್ತವೆ. ಕೆಟಿ ತಗೊಂಡ್ಯಾ, ಆರ್‌ಸಿಎ ಬರೆದ್ಯಾ, ಪಿಒಸಿ ಯಾವಾಗ. ಅದರಲ್ಲಿ ಪಿಒಸಿ ಒಂದು ದಿನ ಕೆಲಸದ ಮಾದರಿ, ಇನ್ನೊಂದು ದಿನ ಮಾತಾಡಬೇಕಾದ ಮನುಷ್ಯ. ಹುಡುಗ ಎಲ್ಲಕ್ಕೂ ತಲೆ ಆಡಿಸುತ್ತಿದ್ದ. ಎರಡನೇ ವಾರ, ಮಧ್ಯಾಹ್ನ ಊಟದ ಹೊತ್ತಿಗೆ, ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಸರ್, ಈ ಟಿಬಿಡಿ ಅನ್ನೋರು ಯಾರ್ರೀ? ಎರಡು ದಿವಸದಿಂದ ಹುಡುಕಾಕತ್ತೀನ್ರಿ. ಡೈರೆಕ್ಟರಿಯೊಳಗ ಇಲ್ಲ."

ನಮ್ಮ ಕೆಲಸದ ಪಟ್ಟಿಯಲ್ಲಿ ಅರ್ಧಕ್ಕರ್ಧ ಸಾಲುಗಳ ಮುಂದೆ 'ಜವಾಬ್ದಾರಿ: ಟಿಬಿಡಿ' ಅಂತ ಇತ್ತು. ಇನ್ನೂ ತೀರ್ಮಾನ ಆಗಿಲ್ಲ ಅನ್ನೋದಕ್ಕೆ ಹಾಗೆ ಬರೆಯುತ್ತೇವೆ. ಪಾಪ ಅವನು ಇಷ್ಟೊಂದು ಕೆಲಸ ಹೊತ್ತ ಆ ಮಹಾನುಭಾವ ಯಾರು ಅಂತ ಹುಡುಕುತ್ತಿದ್ದ. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅವನ ಕಿವಿ ಕೆಂಪಾಯಿತು. ಆಮೇಲೆ ಅವನ ನೋಟ್‌ಬುಕ್ಕಿನ ಕೊನೇ ಹಾಳೆ ತೋರಿಸಿದ. ಕೇಳಿದ ಶಾರ್ಟ್‌ಫಾರಂ ಎಲ್ಲ ಒಂದು ಕಡೆ, ತನಗೆ ತಿಳಿದ ಅರ್ಥ ಕನ್ನಡದಲ್ಲಿ ಇನ್ನೊಂದು ಕಡೆ. 'ಪಿಎಫ್‌ಎ' ಮುಂದೆ 'ಲಗತ್ತಿಸಿದೆ'. 'ಇಒಡಿ' ಮುಂದೆ 'ಸಂಜಿ ಒಳಗ', ಅದರ ಪಕ್ಕ ಪೆನ್ಸಿಲಿನಲ್ಲಿ 'ಯಾರ ಸಂಜಿ?'. ನಮ್ಮ ಗಿರಾಕಿ ಇರುವುದು ಅಮೆರಿಕದಲ್ಲಿ. ನಮ್ಮ ಸಂಜೆ ಅವರ ಬೆಳಗ್ಗೆ. ಹದಿನೈದು ವರ್ಷದಿಂದ ಇಒಡಿ ಬರೆಯುತ್ತಿದ್ದ ನಮಗೆ ಯಾರಿಗೂ ಆ ಪೆನ್ಸಿಲ್ ಪ್ರಶ್ನೆ ಹೊಳೆದಿರಲಿಲ್ಲ, ಅದಕ್ಕಾಗಿ ಜಗಳ ಆಡಿದ್ದು ಮಾತ್ರ ಬೇಕಾದಷ್ಟು. ಆ ಹಾಳೆಯನ್ನೇ ಟೈಪ್ ಮಾಡಿಸಿ ಈಗ ಹೊಸಬರಿಗೆಲ್ಲ ಕೊಡುತ್ತೇವೆ. ಪೆನ್ಸಿಲ್ ಸಾಲನ್ನೂ ಬಿಡದೆ.

ಇದೇ ಕದವನ್ನು ಬೇಕಂತಲೇ ಮುಚ್ಚಿ ಹೆದರಿಸುವವರೂ ಇದ್ದಾರೆ. 'ನಿಮ್ಮ ಕೆವೈಸಿ ಮುಗಿದಿದೆ, ಈ ಲಿಂಕ್ ಒತ್ತದಿದ್ದರೆ ಖಾತೆ ಬಂದ್' ಅಂತ ಅಪ್ಪನಿಗೂ ಬಂತು. ಕೆವೈಸಿ ಅಂದರೆ ಬ್ಯಾಂಕು ನಮ್ಮ ಗುರುತು ಖಚಿತ ಮಾಡಿಕೊಳ್ಳುವುದು ಅಂತ ಗೊತ್ತಿಲ್ಲದವರಿಗೆ ಅದು ಮುಗಿದಿದೆ ಅಂದರೆ ಎಷ್ಟು ಗಾಬರಿ ಆಗಬೇಡ? ಪುಣ್ಯಕ್ಕೆ ಅಪ್ಪ ಒತ್ತಲಿಲ್ಲ. ನನಗೆ ಫೋನ್ ಮಾಡಿ ಹೇಳಿದ್ದು ಇದು: "ತಂತಿ ಅಂದ್ಮೇಲೆ ಕೊನೇಲಿ ಕಳಿಸಿದವರ ಹೆಸರು ಇರ್ಬೇಕಲ್ವಾ? ಇದ್ರಲ್ಲಿ ಇಲ್ಲ. ಹೆಸರಿಲ್ಲದ ತಂತಿ ನಾನು ತಗೊಳಲ್ಲ."

ಇನ್ನು 'ಆರ್‌ಐಪಿ'. ಇದರ ಬಗ್ಗೆ ನನಗೆ ಇವತ್ತಿಗೂ ಒಂದು ನಿಲುವಿಲ್ಲ.

ದೊಡ್ಡಮ್ಮ ಹೋದದ್ದು ರಾತ್ರಿ ಹನ್ನೊಂದರ ಸುಮಾರಿಗೆ. ಅಣ್ಣ ಕುಟುಂಬದ ಗ್ರೂಪಿನಲ್ಲಿ ಎರಡು ಸಾಲು ಹಾಕಿದ. ಅರವತ್ತು ಚಿಲ್ಲರೆ ಜನರಿರುವ ಗ್ರೂಪು. ಟಪಟಪ ಬೀಳತೊಡಗಿದವು. ಆರ್‌ಐಪಿ. ಆರ್‌ಐಪಿ ದೊಡ್ಡಮ್ಮ. ಓಂ ಶಾಂತಿ. ಆರ್‌ಐಪಿ. ನಡುವೆ ಯಾರೋ ಮೇಲಿನದ್ದು ಓದದೆ, ಅವತ್ತೇ ಹುಟ್ಟುಹಬ್ಬ ಇದ್ದ ಹುಡುಗನಿಗೆ 'ಎಚ್‌ಬಿಡಿ' ಹಾಕಿದರು. ಅದರ ಕೆಳಗೆ ಮತ್ತೆ ಆರ್‌ಐಪಿ. ಆ ಹುಡುಗನ ಗತಿ ಯೋಚಿಸಿ. ಅಪ್ಪ ಪಕ್ಕದಲ್ಲೇ ಇದ್ದರು. "ಇದೇನೋ ರಿಪ್?" ಅಂದರು. ಲ್ಯಾಟಿನ್ ಭಾಷೆಯ ಒಂದು ಪ್ರಾರ್ಥನೆ, ಸಮಾಧಿ ಕಲ್ಲಿನ ಮೇಲೆ ಕೆತ್ತುತ್ತಿದ್ದದ್ದು, ಶಾಂತಿಯಿಂದ ಮಲಗಲಿ ಅಂತ ಅರ್ಥ ಅಂದೆ. "ನಮ್ಮತ್ತಿಗೆ ಶಾಂತಿಯಿಂದ ಮಲಗೋ ಹೆಂಗಸೇ ಅಲ್ಲ," ಅಂದರು ಅಪ್ಪ. ಅಂದು ಕಣ್ಣು ಒರೆಸಿಕೊಂಡರು.

ಬೈಯುವುದು ಸುಲಭ. ಆದರೆ ಸ್ಕ್ರೋಲ್ ಮಾಡಿದರೆ ಆ ಸಾಲಿನಲ್ಲಿ ನನ್ನದೂ ಒಂದಿದೆ, ಹನ್ನೊಂದೂ ಹದಿನಾಲ್ಕಕ್ಕೆ. ನನಗೆ ಏನು ಬರೆಯಬೇಕು ಅಂತ ತೋಚಲಿಲ್ಲ. ಏನೂ ಬರೆಯದೆ ಇರಲೂ ಆಗಲಿಲ್ಲ. ಸಾವಿನ ಮನೆಗೆ ಹೋದಾಗಲೂ ನಾವು ಜಾಸ್ತಿ ಮಾತಾಡುವುದಿಲ್ಲ, ಸುಮ್ನೆ ಹೋಗಿ ಮೂಲೆಯಲ್ಲಿ ಕೂತು ಬರುತ್ತೇವೆ. ಆ ಮೂರಕ್ಷರ ಹಾಗೆ ಕೂತು ಬಂದದ್ದು ಅಂತ ಅಂದುಕೊಳ್ಳಬಹುದೇನೋ. ಆದರೆ ಸಾವಿನ ಮನೆಗೆ ಹೋಗಲು ಬಸ್ ಹತ್ತಬೇಕು, ರಜೆ ಹಾಕಬೇಕು, ಬಂದು ತಲೆಗೆ ಸ್ನಾನ ಮಾಡಬೇಕು. ಇಲ್ಲಿ ಹೆಬ್ಬೆರಳಿನ ಮೂರು ಕುಟುಕು.

ಬೆಳಗ್ಗೆ ಆರಕ್ಕೆ ಚಿಕ್ಕಮ್ಮನ ಮೆಸೇಜ್ ಬಂತು. ಒಂದೇ ಬೆರಳಿನಲ್ಲಿ ಒತ್ತುವವರು, ಕಾಗುಣಿತ ಅರ್ಧ ತಪ್ಪು. "ಅಕ್ಕನ ಕೈಯ ಹುರುಳಿಕಟ್ಟು ಸಾರು ಇನ್ ಸಿಗಲ್ಲ. ಯುಗಾದಿಗೆ ಬಾ ಅಂದಿದ್ಲು. ಮಂಡಿನೋವು ಅಂತ ಹೋಗ್ಲಿಲ್ಲ ನಾನು." ಅದರ ಕೆಳಗೆ ಮಧ್ಯಾಹ್ನದ ತನಕ ಯಾರೂ ಏನೂ ಹಾಕಲಿಲ್ಲ.

ನಮ್ಮ ಅಣ್ಣನ ಮಗಳು ಈಗ ಪಿಯುಸಿ. ಜೋರಾಗಿ ನಗು ಬಂತು ಅನ್ನಲು ನಾನು 'ಲೋಲ್' ಅಂತ ಬರೆದರೆ "ಅದನ್ನ ಈಗ ಯಾರೂ ಬರಿಯಲ್ಲ ಚಿಕ್ಕಪ್ಪ" ಅನ್ನುತ್ತಾಳೆ. ಬ್ರಿಟನ್ನಿನ ಪ್ರಧಾನಿ ಆಗಿದ್ದ ಡೇವಿಡ್ ಕ್ಯಾಮರಾನ್ ಅದನ್ನು 'ತುಂಬಾ ಪ್ರೀತಿಯಿಂದ' ಅಂತ ತಿಳಿದು ಮೆಸೇಜಿನ ಕೊನೆಗೆ ಸಹಿಯ ಥರ ಹಾಕುತ್ತಿದ್ದರಂತೆ. 2012ರಲ್ಲಿ ವಿಚಾರಣಾ ಸಮಿತಿಯ ಮುಂದೆ ಈ ವಿಷಯ ಹೊರಬಿತ್ತು. ಅದನ್ನು ಹೇಳಿದೆ. ಅವಳಿಗೆ ಕ್ಯಾಮರಾನ್ ಯಾರು ಅಂತಲೂ ಗೊತ್ತಿರಲಿಲ್ಲ. ಅವಳ ಬಳಗದಲ್ಲಿ ಈಗ ಓಡುತ್ತಿರುವುದು 'ಐವೈಕೆವೈಕೆ'. ಗೊತ್ತಿದ್ದರೆ ಗೊತ್ತು ಅಂತ ಅರ್ಥ. ನನಗೆ ಗೊತ್ತಿರಲಿಲ್ಲ.

ಅವಳಿಗೂ ಅವಳ ತಾತನಿಗೂ ಮಾತ್ರ ಭಾರಿ ಹೊಂದಾಣಿಕೆ. ಊ.ಆ. ಅನ್ನೋದನ್ನು ಅವಳು ಒಂದೇ ನೋಟಕ್ಕೆ ಓದಿದಳು. ಈಗ ಇಬ್ಬರ ನಡುವೆ ದಿನಾ ನಡೆಯುತ್ತದೆ. "ತಾ., ಕಾ.ಕು.ಆ.?" ಅಂದರೆ ತಾತ, ಕಾಫಿ ಕುಡಿದದ್ದು ಆಯ್ತಾ. "ಮಾ.ನುಂ." ಅಂದರೆ ಮಾತ್ರೆ ನುಂಗಿದೆ. ಅವಳ ಐವೈಕೆವೈಕೆ ಅಪ್ಪನ ಕೈಯಲ್ಲಿ 'ಗೊ.ಗೊ.' ಆಗಿದೆ, ಗೊತ್ತಿದ್ದವರಿಗೆ ಗೊತ್ತು. ಅವಳ ಗೆಳತಿಯರ ಗ್ರೂಪಿನಲ್ಲೂ ಈಗ ಗೊ.ಗೊ. ಓಡುತ್ತಿದೆಯಂತೆ. ಅಪ್ಪನಿಗೆ ಅದರ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇದೆ.

ಹೋದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಮನೆಗೆ ಸುಣ್ಣ ಬಳಿಸಬೇಕು ಅಂತ ಅಟ್ಟದ ಮೇಲಿನದ್ದೆಲ್ಲ ಕೆಳಗಿಳಿಸಿದ್ದರು. ಒಂದು ಟ್ರಂಕಿನಲ್ಲಿ ಅಪ್ಪನ ಹಳೇ ಡೈರಿಗಳು ಸಿಕ್ಕವು. ಅಂಗೈ ಅಗಲದವು, ಯಾರೋ ಏಜೆಂಟರು ವರ್ಷ ವರ್ಷ ಕೊಡುತ್ತಿದ್ದದ್ದು. 1987ರದ್ದು ತೆರೆದೆ. ಒಂದು ದಿನಕ್ಕೆ ಒಂದೇ ಸಾಲು, ಪೂರ್ತಿ ತಂತಿ ಭಾಷೆ. 'ಮ.ಬಂ.' ಮಳೆ ಬಂತು. 'ಕ.ಬಿ. 22' ಕರೆಂಟ್ ಬಿಲ್ಲು. ಜೂನ್ ತಿಂಗಳಲ್ಲಿ 'ಪು.ಜ್ವ.' ಅಂತ ಇತ್ತು. ಮರುದಿನವೂ 'ಪು.ಜ್ವ.'. ಅದರ ಮರುದಿನವೂ. ನಾಲ್ಕನೇ ದಿನ 'ಪು.ಜ್ವ.ಇ.'. ಪುಟ್ಟನಿಗೆ ಜ್ವರ ಇಲ್ಲ. ಆ 'ಇ.' ಅನ್ನು ಮಾತ್ರ ಪೆನ್ನು ಒತ್ತಿ ದಪ್ಪಗೆ ಬರೆದಿದ್ದರು, ಹಾಳೆಯ ಹಿಂದೆ ಉಬ್ಬಿತ್ತು.

ಅಪ್ಪ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು, ಹಳೇ ಕೌಂಟರಿನ ಗತ್ತಿನಲ್ಲಿ. ಆಗಸ್ಟಿನಲ್ಲಿ ಒಂದು ಸಾಲು ಬಂತು. 'ತ.ಗೆ 150. ಅ.ಗೊ.ಬೇ.'

"ಇದೇನಪ್ಪ?"

ಅಪ್ಪ ಡೈರಿ ತಗೊಂಡು ಹತ್ತಿರ ಹಿಡಿದರು, ದೂರ ಹಿಡಿದರು. "ತ. ಅಂದ್ರೆ ತಮ್ಮ. ನಿಮ್ಮ ಚಿಕ್ಕಪ್ಪ. ಅವನಿಗೆ ನೂರೈವತ್ತು ಕೊಟ್ಟಿರ್ಬೇಕು."

"ಅ.ಗೊ.ಬೇ.?"

"ಅದೇ ನೆನಪಾಗ್ತಿಲ್ಲ ನೋಡು. ಅಕ್ಕಿ... ಗೊಬ್ಬರ... ಬೇಳೆ ಇರ್ಬೇಕು."

ಅಮ್ಮ ಒಳಗೆ ಅವರೆಕಾಳು ಹಿತುಕುತ್ತಿದ್ದರು. ಪಾತ್ರೆಗೆ ಕಾಳು ಬೀಳುವ ಸದ್ದು ನಿಂತಿತು.

"ಅವಳಿಗೆ ಗೊತ್ತಾಗೋದು ಬೇಡ," ಅಂದರು ಅಮ್ಮ, ಅಡುಗೆಮನೆಯಿಂದಲೇ. "ಆವತ್ತೇ ಓದಿದೀನಿ."

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಒಳಗೆ ಮತ್ತೆ ಕಾಳು ಬೀಳುವ ಸದ್ದು ಶುರುವಾಯಿತು.

"ಆ ನೂರೈವತ್ತು ವಾಪಸ್ ಬಂತಾ ಕೇಳು, ಪುಟ್ಟ."